ಕೌದಿ ಎಲ್ಲಿಂದ ಬಂತು

“ನನಗ ಒಂದ ಕಡೆ ಕುಂದರಾಕ ಆಗಂಗಿಲ್ರಿ. ಅಂಗಡ್ಯಾಗ ಕುಂತ್ರ ಕಾಲು ಕುಣೀತಾವು, ನಿಂತ್ರ ಕೈ ಏನರ ಹುಡಕತಾವು. ಮೊದಲ ಹಿಂಗಿರಲಿಲ್ಲ ನಾ. ಮೊದಲ ಒಂದ ಲಗ್ನ ಆತಂದ್ರ ಗಂಡಿನ ಮನಿಗೊಂದು ಸೀಡಿ, ಹೆಣ್ಣಿನ ಮನಿಗೊಂದು, ಸೋದರಮಾವಗೊಂದು. ರೆಡಿ ಆದಮ್ಯಾಲೆ ನಾನ ಹೋಗಿ ಕೊಟ್ಟ ಬರಬೇಕು. ಕೊಟ್ಟ ಬರೂದಂದ್ರ ಬಾಗಲದಾಗ ನಿಂತ ಕೊಡೂದಲ್ಲ ಮತ್ತ. ‘ಬಾರೋ ಭೀಮೇಶ, ಒಳಗ ಬಾ, ಹಚ್ಚಿ ತೋರಿಸಿ ಹೋಗು’ ಅಂತಿದ್ರು. ನಮ್ಮಪ್ಪ ಕೂಲಿ ಕೇಳಾಕ ಹೋದಾಗ ಅಂಗಳದಾಗ ನಿಂತ ಬಂದ ಮನಿಗೋಳ್ರಿ ಅವು. ಅದ ಮನಿ ಪಡಸಾಲ್ಯಾಗ ನಾ ಕುಂತು ಚಾ ಕುಡದೀನಿ. ಮದುಮಗಳು ಅಳೂ ಜಾಗಾ ಬಂತಂದ್ರ ಅವರವ್ವನ ಜೋಡಿ ನಾನೂ ಕಣ್ಣ ಒರಸ್ಕೊಂಡೀನಿ. ಈಗೇನಂತಾರ? ‘ಲಿಂಕ್ ಕಳಸಪಾ’ ಅಂತಾರ. ಲಿಂಕ್ ಕಳಸಾಕ ಚಪ್ಪಲ ಸೈತ ಮೆಟ್ಟೂದು ಬೇಕಾಗಿಲ್ಲ. ಇಲ್ಲಿ ಬಟ್ಟ ಒತ್ತಿದ್ರ ಅಲ್ಲಿ ಬಂತು. ಯಾರ ಮನಿ ಬಾಗಲಾನೂ ತೆರಿಯಂಗಿಲ್ಲ. ನೀವ ಹೇಳ್ರಿ, ಮಂದಿ ಮಾರಿ ನೋಡಲಾರದ ಕೊಡೂದು ಒಂದ ಕೊಡೂದೇನ್ರಿ? ಹಿಂಗ ಅಂದ್ರ ನಮ್ಮ ಮನಿಯಾಕಿ ನಗತಾಳು. ‘ಸೀಡಿ ಹೋಗಿದ್ದಕ್ಕ ಅಳತೀರೋ, ಚಾ ಹೋಗಿದ್ದಕ್ಕ ಅಳತೀರೋ’ ಅಂತಾಳು. ಎರಡಕ್ಕೂ ಅಂತ ತಿಳಕೋರಿ ಬೇಕಾರ.”

ಮೊರಬದ ಬಸ್ ನಿಲ್ದಾಣದ ಬಾಜು ‘ಮಹಾಲಕ್ಷ್ಮಿ ವಿಡಿಯೋ’ ಎಂಬ ಒಂದು ಕೋಣೆಯ ಅಂಗಡಿ ಇಟ್ಟಿದ್ದ ಭೀಮೇಶ ಈ ಮಾತನ್ನು ಯಾರಿಗೆ ಹೇಳಿಲ್ಲ ಎಂದು ಕೇಳಬೇಕು. ಬಸ್ಸು ತಪ್ಪಿಸಿಕೊಂಡವರಿಗೆ ಹೇಳಿದ್ದಾನೆ. ಗೊಬ್ಬರದ ಚೀಲ ಇಳಿಸಿಕೊಂಡು ಟ್ರ್ಯಾಕ್ಟರಿಗೆ ಕಾಯುವವರಿಗೆ ಹೇಳಿದ್ದಾನೆ. ಹೇಳುವಾಗಲೂ ಕೂತು ಹೇಳಿದವನಲ್ಲ. ಕೌಂಟರಿನ ಗಾಜು ಒರೆಸುವನು, ಒರೆಸಿದ್ದನ್ನೇ ಮತ್ತೆ ಒರೆಸುವನು, ಹೊರಗೆ ಬಂದು ರಸ್ತೆಯ ಆ ತುದಿ ಈ ತುದಿ ನೋಡುವನು, ಯಾರೋ ಕರೆದರೇನೋ ಎಂಬಂತೆ ಮತ್ತೆ ಒಳಗೆ ಹೋಗುವನು.

ಹುಡುಗನಿದ್ದಾಗಲೇ ಅವನಿಗೆ ಈ ಹುಚ್ಚು ಹತ್ತಿದ್ದು. ಆಗ ನವಲಗುಂದದಿಂದ ಟಿವಿ ಮತ್ತು ಕ್ಯಾಸೆಟ್ಟಿನ ಪೆಟ್ಟಿಗೆ ಬಾಡಿಗೆಗೆ ತರುತ್ತಿದ್ದರು. ಬಸ್ಸಿನಲ್ಲಿ ಟಿವಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಕೂಸನ್ನು ಹಿಡಿದಂತೆ ಹಿಡಿದು ತರುವ ಕೆಲಸ ಅವನದು. ರಸ್ತೆಯ ಗುಂಡಿ ಬಂದಾಗಲೆಲ್ಲ ಮೈ ಮೇಲೆತ್ತುತ್ತಿದ್ದ, ಪೆಟ್ಟು ತನಗೆ ಬೀಳಲಿ, ಟಿವಿಗೆ ಬೀಳದಿರಲಿ ಎಂದು. ಮುಂದೆ ಕ್ಯಾಮೆರಾ ಹಿಡಿಯಲು ಕಲಿತ. ತಿರ್ಲಾಪುರದ ಮಹಾಲಕ್ಷ್ಮಿಯನ್ನು ಮದುವೆಯಾದಾಗ ತನ್ನ ಮದುವೆಯ ವಿಡಿಯೋವನ್ನೂ ಅರ್ಧ ತಾನೇ ತೆಗೆದುಕೊಂಡ. ತಾಳಿ ಕಟ್ಟುವ ಹೊತ್ತಿಗೆ ಮಾತ್ರ ಮಾವನ ಕೈಗೆ ಕ್ಯಾಮೆರಾ ಕೊಟ್ಟಿದ್ದ. ಆ ಸೀಡಿಯಲ್ಲಿ ತಾಳಿ ಕಾಣುವುದಿಲ್ಲ, ಚಪ್ಪರದ ಕಂಬ ಕಾಣುತ್ತದೆ. ಮಹಾಲಕ್ಷ್ಮಿ ಜಗಳವಾದಾಗಲೆಲ್ಲ ಅದನ್ನೇ ಎತ್ತುತ್ತಾಳೆ: “ನಿಮಗ ನನ್ನ ಜೋಡಿ ಅಲ್ಲ, ಕಂಬದ ಜೋಡಿ ಲಗ್ನ ಆಗೇತಿ.”

ಮಂದಿ ಸೀಡಿ ಬಿಡುತ್ತಿದ್ದಾರೆ ಎಂದು ಕಣ್ಣಿಗೆ ಕಾಣತೊಡಗಿದಾಗ ಭೀಮೇಶ ಅದಕ್ಕೆ ತನ್ನದೇ ಒಂದು ಕಾರಣ ಹುಡುಕಿಕೊಂಡ. ಚಿತ್ರ ಮಬ್ಬಾಗಿದೆ, ಅದಕ್ಕೇ ಬಿಡುತ್ತಿದ್ದಾರೆ ಎಂದುಕೊಂಡ. ಹುಬ್ಬಳ್ಳಿಗೆ ಹೋಗಿ ಹೊಸ ಕ್ಯಾಮೆರಾ ತಂದ. ಎಚ್‌ಡಿ ಡಿಸ್ಕ್ ಬರೆಯುವ ಯಂತ್ರ ತಂದ. ಆ ಡಿಸ್ಕು ಮನೆಮನೆಯ ಹಳೆಯ ಪ್ಲೇಯರಿನಲ್ಲಿ ಓಡುವುದಿಲ್ಲ, ಅದಕ್ಕೆ ಬೇರೆಯದೇ ಪ್ಲೇಯರು ಬೇಕು. ಅದನ್ನೂ ಒಂದು ಸೆಕೆಂಡ್‌ಹ್ಯಾಂಡ್ ತಂದು, ಟಾವೆಲ್ಲಿನಲ್ಲಿ ಸುತ್ತಿ ಇಟ್ಟ. ಸೀಡಿ ಕೊಂಡವರ ಮನೆಗೆ ತಾನೇ ಪ್ಲೇಯರು ಒಯ್ದು ತೋರಿಸುವುದು ಅವನ ಲೆಕ್ಕಾಚಾರ. ಊರಿನ ಮಂದಿಗೆ ಹಳೆಯದೂ ಸೀಡಿಯೇ, ಹೊಸದೂ ಸೀಡಿಯೇ. ಕೈಯಲ್ಲಿ ಹಿಡಿದು, ತಮ್ಮ ಮುಖ ನೋಡಿಕೊಂಡು, “ಚಲೋ ಹೊಳೀತೈತಿ ಬಿಡು” ಎಂದು ತಿರುಗಿ ಕೊಟ್ಟರು.

ಬಾಜು ಅಂಗಡಿ ಪ್ರಭುವಿನದು. ಮೊಬೈಲು, ಚಾರ್ಜರು, ರಿಚಾರ್ಜು. ಮಾತಿನ ಹುಡುಗ, ಕೆಟ್ಟವನಲ್ಲ. ಊರಲ್ಲಿ ಏನೇ ನಡೆದರೂ ಫೋನು ಎತ್ತಿ ಹಿಡಿದು ಲೈವ್ ಬಿಡುತ್ತಿದ್ದ. ಅವನ ಸಾಮಾನು ಅಂಗಡಿ ತುಂಬಿ ಹೊರಗೆ ಬಂದಿತ್ತು. ಭೀಮೇಶನ ಕೋಣೆಯ ಮೇಲೆ ಅವನಿಗೆ ಕಣ್ಣಿತ್ತು. ಅದನ್ನು ಮುಚ್ಚಿಟ್ಟವನೂ ಅಲ್ಲ.

“ಭೀಮೇಶಣ್ಣ, ಖಾಲಿ ಅಂಗಡ್ಯಾಗ ನೀ ಒಬ್ಬಾವ ಅಡ್ಡಾಡೂದು ನೋಡಿದ್ರ ನನಗ ಚಕ್ಕರ ಬರತೈತಿ. ಕೋಣಿ ನನಗ ಬಿಡು. ಕ್ಯಾಮೆರಾ ತುಗೊಂಡು ನನ್ನ ಜೋಡೀನ ನಿಂದರು.”

“ಬನ್ನಿ ಹಬ್ಬದ ನಾಟಕ ಆಗಲಿ ತಮ್ಮಾ. ನಾಟಕದ ಸೀಡಿ ಮಾಡತೀನಿ. ಅಗದಿ ಸ್ವಚ್ಛ, ಬಣ್ಣ ಹಚ್ಚಿದವರ ಮಾರಿಮ್ಯಾಲಿನ ಬೆವರು ಕಾಣಬೇಕು ಹಂಗ. ಮಂದಿ ತುಗೊಂಡ್ರ ಅಂಗಡಿ ಇರತೈತಿ. ತುಗೊಳ್ಳಲಿಲ್ಲಂದ್ರ ಎಳ್ಳಮಾಸಿಗೆ ಕೀಲಿ ನಿನ್ನ ಕೈಯಾಗ.”

ಹೀಗೆ ಮಾತಾಯಿತು, ದಸರೆಯ ಬನ್ನಿಯಿಂದ ಎಳ್ಳು ಅಮಾವಾಸ್ಯೆಯವರೆಗಿನ ಗಡುವು. ಚಹಾದ ಅಂಗಡಿಯ ಮುಂದೆ, ನಾಲ್ಕು ಮಂದಿಯ ಎದುರಿಗೆ ಆದ ಮಾತು. ಅಂಥ ಮಾತು ತಿರುಗಿ ತೆಗೆದುಕೊಳ್ಳಲು ಬರುವುದಿಲ್ಲ.

ಬನ್ನಿ ಕೊಟ್ಟ ಮರುದಿನ ನಾಟಕ. ಊರ ಗಂಡಸರೇ ಬಣ್ಣ ಹಚ್ಚುವವರು. ಹೆಣ್ಣಿನ ಪಾತ್ರಕ್ಕೆ ಮಾತ್ರ ಹೊರಗಿನಿಂದ ಕರೆಸುತ್ತಾರೆ. ಆ ವರ್ಷ ಮಗಳ ಪಾತ್ರಕ್ಕೆ ಗದಗಿನ ಕಡೆಯ ಶಮಾ ಎಂಬಾಕೆ ಬಂದಿದ್ದಳು. ಬರುವಾಗಲೇ ಮೈಯಲ್ಲಿ ಜ್ವರ. ಹೊಲದ ಮೇಲಿಂದ ಥಂಡಿ ಗಾಳಿ ಬೀಸುತ್ತಿತ್ತು, ಪಾಪ, ಅತ್ತೆಯ ಮನೆಯಿಂದ ಹೊರಗೆ ಹಾಕಿಸಿಕೊಂಡ ಮಗಳಾಗಿ ಆಕೆ ಅಳುವಾಗ ನಡುಗುತ್ತಿದ್ದುದು ನಾಟಕದ ನಡುಕವಲ್ಲ.

ಈ ಕಡೆಯ ನಾಟಕ ನೋಡದವರಿಗೆ ಒಂದು ಮಾತು ಹೇಳಬೇಕು. ಇಲ್ಲಿ ನಾಟಕವೆಂದರೆ ಬರೀ ನಾಟಕವಲ್ಲ, ನಡುನಡುವೆ ಆಯೇರ ಇರುತ್ತದೆ. ಪಾತ್ರ ಮನಸ್ಸಿಗೆ ಹಿಡಿಸಿದರೆ ನೋಡುವವರು ಎದ್ದು ರಂಗದ ಮೇಲೆ ಹೋಗುತ್ತಾರೆ, ಟಾವೆಲ್ಲೋ ಕುಪ್ಪಸದ ಖಣವೋ ನೋಟೋ ಕೊಡುತ್ತಾರೆ. ನಾಟಕ ಅಲ್ಲಿಗೆ ನಿಲ್ಲುತ್ತದೆ. ಸತ್ತವನೂ ಎದ್ದು ಕೂತು ಆಯೇರ ತೆಗೆದುಕೊಂಡು, ಕೈಮುಗಿದು, ಮತ್ತೆ ಮಲಗಿ ಸಾಯುತ್ತಾನೆ. ಯಾರು ಯಾರಿಗೆ ಏನು ಕೊಟ್ಟರು ಎಂದು ಮೈಕಿನಲ್ಲಿ ಕೂಗುತ್ತಾರೆ. ಹಿಂದೆ ಸಣ್ಣಗೆ ಸಿನಿಮಾ ಹಾಡು ಹಚ್ಚಿರುತ್ತಾರೆ. ಮೊರಬದಲ್ಲಿ ಕೂಗುವ ಕೆಲಸ ಹನಮಂತಪ್ಪನದು. ಅವನ ಗಂಟಲು ದೊಡ್ಡದು.

ಆ ದಿನ ಹನಮಂತಪ್ಪ ಕೂಗಿದ ಹೆಸರುಗಳಲ್ಲಿ ಒಂದು ರೇವವ್ವನದು.

ರೇವವ್ವ ಕಳೆ ತೆಗೆಯಲು ಹೋಗುವಾಕೆ, ಕೂಲಿ ಇಲ್ಲದಾಗ ಕೌದಿ ಹೊಲಿಯುವಾಕೆ. ಹಳೆಯ ಸೀರೆ, ಧೋತರ ಕೊಟ್ಟರೆ ಹರಿದದ್ದೆಲ್ಲ ಒಳಗೆ ಹೋಗಿ ಚಂದದ್ದು ಮೇಲೆ ಬರುವಂತೆ ಹೊಲಿದು ಕೊಡುತ್ತಿದ್ದಳು. ಊರಿನ ಬಾಣಂತಿಯರೆಲ್ಲ ಆಕೆಯ ಕೌದಿ ಹೊದ್ದವರೇ. ಹೆಣ್ಣುಮಕ್ಕಳ ಸಾಲಿನಲ್ಲಿ ಕೂತು ನೋಡುತ್ತಿದ್ದ ರೇವವ್ವ ನಡುವೆ ಎದ್ದು ಮನೆಗೆ ಹೋದಳು. ಬಂದಾಗ ಬಗಲಲ್ಲಿ ಕೌದಿ ಇತ್ತು. ನೆಟ್ಟಗೆ ರಂಗ ಹತ್ತಿದಳು.

“ಏನ ಆಯಿ, ಮಲಗಾಕ ಬಂದಿಯೇನು?” ಎಂದು ಹನಮಂತಪ್ಪ ಮೈಕಿನಲ್ಲೇ ಕೇಳಿದ. ಮಂದಿ ನಕ್ಕರು.

“ಕೂಸು ನಡಗಾಕ ಹತ್ತೇತಲ್ಲೋ, ಕಣ್ಣ ಕಾಣವಲ್ವೇನ ನಿಮಗ?” ಎಂದಳು ರೇವವ್ವ.

ನಗು ನಿಂತಿತು. ಹನಮಂತಪ್ಪ ಗಂಟಲು ಸರಿ ಮಾಡಿಕೊಂಡು ಕೂಗಿದ: “ಮೊರಬದ ರೇವವ್ವ, ತವರಮನಿ ಯಮನೂರು, ಇವರಿಂದ ಮಗಳ ಪಾತ್ರ ಮಾಡಿದ ಶಮಾ ಅವರಿಗೆ ಒಂದು ಕೌದಿ ಆಯೇರ.” ಶಮಾ ಕೌದಿಯನ್ನು ಹೆಗಲ ತುಂಬ ಹೊದ್ದು, ರೇವವ್ವನ ಕಾಲು ಮುಟ್ಟಿ, ಉಳಿದ ನಾಟಕವನ್ನೆಲ್ಲ ಅದನ್ನು ಹೊದ್ದುಕೊಂಡೇ ಮಾಡಿದಳು. ರೇವವ್ವ ಕೆಳಗಿಳಿದು ಬಂದು ಮೊದಲಿನ ಜಾಗದಲ್ಲೇ ಕೂತಳು. ಹುಟ್ಟಿದಾಗಿನಿಂದ ಆಕೆಯ ಹೆಸರು ಮೈಕಿನಲ್ಲಿ ಬಂದದ್ದು ಅದೇ ಮೊದಲು.

ಭೀಮೇಶ ಇದೆಲ್ಲವನ್ನೂ ಹೊಸ ಕ್ಯಾಮೆರಾದಲ್ಲಿ ಹಿಡಿದ. ಹಿಡಿದು, ಮನೆಗೆ ಬಂದು, ಕತ್ತರಿಸಿ ಒಗೆದ.

ಅವನ ತಲೆಯಲ್ಲಿ ಇದ್ದದ್ದು ಬೇರೆ. ಇದು ಸ್ವಚ್ಛ ಸೀಡಿ ಆಗಬೇಕು, ಹುಬ್ಬಳ್ಳಿಯವರು ನೋಡಿದರೂ ಭೇಷ್ ಅನ್ನಬೇಕು. ಸತ್ತವನು ಎದ್ದು ಟಾವೆಲ್ಲು ತೆಗೆದುಕೊಳ್ಳುವುದನ್ನು ಹೊರಗಿನವರು ನೋಡಿದರೆ ಏನೆಂದಾರು. ಜೋಳ ಕೇರುವವರು ಕಲ್ಲು ಆರಿಸಿದಂತೆ ಆಯೇರಗಳನ್ನು ಒಂದೊಂದಾಗಿ ಆರಿಸಿ ತೆಗೆದ. ಕ್ಯಾಮೆರಾದ ಕಾರ್ಡಿನಲ್ಲಿದ್ದ ಮೂಲವನ್ನೂ ಅಳಿಸಿ, ಕಾರ್ಡನ್ನು ಕುಂದಗೋಳದ ಒಂದು ಮದುವೆಗೆ ಒಯ್ದ. ಬಣ್ಣದ ಕವರು ಮಾಡಿಸಿ, ಡಿಸ್ಕುಗಳನ್ನು ಬರೆದು, ಚೀಲ ತುಂಬಿಸಿದ. ಆ ಕೆಲಸ ಮುಗಿಯುವವರೆಗೆ ಅವನ ಕಾಲು ಕುಣಿಯಲಿಲ್ಲ. ಮಹಾಲಕ್ಷ್ಮಿ ಕೂಡ ಅದನ್ನು ಗಮನಿಸಿದಳು.

ಮೊದಲ ಸೀಡಿಯನ್ನು ಶಂಕ್ರಪ್ಪನವರ ಮನೆಗೆ ಒಯ್ದ. ದೊಡ್ಡ ಒಕ್ಕಲುತನದ ಮನೆ. ನಾಟಕದವರಿಗೆ ಊಟ ಹಾಕಿದವರೂ ಅವರೇ. “ಬಾರೋ ಭೀಮೇಶ, ಒಳಗ ಬಾ” ಎಂದರು. ಆ ಮಾತು ಕೇಳಿ ಭಾಳ ದಿನವಾಗಿತ್ತು. ಪ್ಲೇಯರು ಬಿಚ್ಚಿ ಟಿವಿಗೆ ಹಚ್ಚಿದ. ಚಿತ್ರ ಬಂತು. ಬೆವರು ಕಂಡಿತು, ಅಂಟಿಸಿದ ಮೀಸೆಯ ಅಂಚು ಕಂಡಿತು, ಪರದೆಯ ಮೇಲೆ ಬರೆದ ಅರಮನೆಯ ಬಿರುಕೂ ಕಂಡಿತು. ಶಂಕ್ರಪ್ಪ ಮೀಸೆ ತಿರುವುತ್ತ ನೋಡಿದರು. ಅರ್ಧ ಆಯಿತು, ಮುಕ್ಕಾಲು ಆಯಿತು.

“ನಾ ಹೀರೋಗ ರುಮಾಲು ಸುತ್ತಿದ್ನೆಲ್ಲೋ, ಅದು ಯಾವಾಗ ಬರತೈತಿ?”

“ಆಯೇರ ಎಲ್ಲಾ ತಗದೀನ್ರಿ ಗೌಡ್ರ. ನಾಟಕ ಕಡಿಯತಿತ್ತು, ಅದಕ್ಕ.”

ಒಳಗಿನಿಂದ ಚಹಾ ತಂದ ಹೆಂಡತಿ ಸಾವಿತ್ರೆವ್ವ ಟಿವಿಯ ಮುಂದೆ ನಿಂತು ಬಿಟ್ಟರು. ಅಲ್ಲಿ ಶಮಾ ಹರಿದ ಸೀರೆಯಲ್ಲಿ ಅಳುತ್ತಿದ್ದಾಕೆ, ಕಣ್ಣು ಮುಚ್ಚಿ ತೆರೆಯುವುದರೊಳಗೆ, ಕೌದಿ ಹೊದ್ದು ಅಳುತ್ತಿದ್ದಳು.

“ಅಯ್ಯ, ಕೌದಿ ಎಲ್ಲಿಂದ ಬಂತು ಈಕಿಗೆ?” ಎಂದರು ಸಾವಿತ್ರೆವ್ವ.

ಚಹಾ ಕುಡಿದು ಎದ್ದಾಗ ಸೀಡಿ ಟೇಬಲ್ಲಿನ ಮೇಲೆಯೇ ಇತ್ತು. “ತುಗೊಂಡ ಹೋಗೋ, ಮತ್ಯಾರಿಗರ ಬರತೈತಿ” ಎಂದರು ಶಂಕ್ರಪ್ಪ.

ಊರಿಗೆ ಒಂದು ಮಾತು ಸಾಕು. ಭೀಮೇಶ ಹಾಲಿನ ಡೇರಿಯ ಮುಂದೆ ಹೋದರೆ ಅಲ್ಲಿಂದ ಒಬ್ಬ, “ಕೌದಿ ಎಲ್ಲಿಂದ ಬಂತಲೇ?” ಎನ್ನುವನು. ಬಸ್ಸಿನ ಕಂಡಕ್ಟರನಿಗೂ ಆ ಮಾತು ಮುಟ್ಟಿತು. ಮಂದಿಯೆಲ್ಲ ನಾಟಕದ ದಿನ ಪ್ರಭು ಬಿಟ್ಟ ಲೈವ್ ವಿಡಿಯೋ ನೋಡುತ್ತಿದ್ದರು. ಕೈ ಅಲುಗಿದ ಚಿತ್ರ, ಯಾರದೋ ತಲೆ ಅಡ್ಡ, ಆದರೆ ಆಯೇರ ಒಂದೂ ಬಿಟ್ಟಿರಲಿಲ್ಲ. ತಂತಮ್ಮ ಹೆಸರು ಬರುವ ಜಾಗ ಹುಡುಕಿ, ಅಷ್ಟನ್ನೇ ಹಚ್ಚಿ ಹಚ್ಚಿ ಕೇಳುತ್ತಿದ್ದರು. ಭೀಮೇಶ ಅದನ್ನು ನೋಡಿ ನೋಡಿ, ಅಂಗಡಿಯೊಳಗೆ ಹೋಗಿ, ಹೊರಗೆ ಬಂದು, ಚಪ್ಪಲಿ ಬಿಟ್ಟು, ಮತ್ತೆ ಮೆಟ್ಟಿ, ದಿನ ಕಳೆದ.

ದೀಪಾವಳಿಯ ಮುಂದೆ ಇನ್ನೊಂದಾಯಿತು. ಪ್ರಭುವಿನ ವಿಡಿಯೋದಲ್ಲಿ ದನಿ ಹೋಯಿತು. ಆಯೇರದ ಹಿಂದೆ ಸಿನಿಮಾ ಹಾಡು ಇತ್ತಲ್ಲ, ಅದರ ಹಕ್ಕು ಇನ್ನಾರದೋ, ಹಾಡು ಬಂದ ಕಡೆಯಲ್ಲೆಲ್ಲ ವಿಡಿಯೋ ಕಂಪನಿಯ ಯಂತ್ರ ದನಿ ಮುಚ್ಚಿತ್ತು. ಹನಮಂತಪ್ಪನ ಬಾಯಿ ತೆರೆಯುತ್ತದೆ, ಮುಚ್ಚುತ್ತದೆ. ಹೆಸರು ಕೇಳುವುದಿಲ್ಲ. ಪ್ರಭು ಜಾಗ ಸಾಲದೆಂದು ತನ್ನ ಫೋನಿನಲ್ಲಿದ್ದ ಮೂಲವನ್ನು ಅಳಿಸಿ ಬಿಟ್ಟಿದ್ದ. ಮಂದಿ ಅವನ ಅಂಗಡಿಗೆ ಬಂದು ಬೈದು ಹೋದರು.

ಭೀಮೇಶನಿಗೆ ನಗು ಬರಬೇಕಿತ್ತು. ಬರಲಿಲ್ಲ. ಅದೇ ದಿನ ಸಂಜೆ ರೇವವ್ವ ಅವನ ಅಂಗಡಿಯ ಮೆಟ್ಟಿಲ ಮೇಲೆ ಬಂದು ಕೂತಿದ್ದಳು.

“ಭೀಮ್ಯಾ, ನಿನ್ನ ಸೀಡಿ ಒಂದ ಕೊಡೋ. ಯಮನೂರಿಗೆ ಒಯ್ಯಬೇಕು.”

“ಯಾಕ ಆಯಿ?”

“ನಮ್ಮಣ್ಣ ಅದಾನಲ್ಲ, ನಿನ್ನ ಊರ ಹೆಸರ ಮೈಕಿನ್ಯಾಗ ಹೇಳ್ಯಾರಪಾ ಅಂದ್ರ ನಂಬವಲ್ಲ. ನಿನ್ನನ್ಯಾರ ಕೇಳತಾರ ಬೇ ಅಂತಾನ. ಪ್ರಭುನ ಫೋನಿನ್ಯಾಗ ನೋಡಿದ್ನಿ. ಅಲ್ಲಿ ನಾ ಅದೀನಿ, ಹೆಸರಿಲ್ಲ.”

ಭೀಮೇಶ ಗಾಜು ಒರೆಸತೊಡಗಿದ. “ನನ್ನ ಸೀಡ್ಯಾಗ ಅದು ಇಲ್ಲ ಆಯಿ.”

“ಕೌದಿ ಐತಿ ಅಂತಾರಲ್ಲ ಮಂದಿ?”

“ಕೌದಿ ಐತಿ.”

“ಕೌದಿ ಐತಿ, ನಾ ಇಲ್ಲ?”

ಆಕೆ ಸಿಟ್ಟಿನಿಂದ ಕೇಳಲಿಲ್ಲ. ಮಳೆ ಬಂತೋ ಇಲ್ಲವೋ ಎಂದು ಕೇಳಿದಂತೆ ಕೇಳಿದಳು. ಆಮೇಲೆ ಮೊಣಕಾಲ ಮೇಲೆ ಕೈಯೂರಿ ಎದ್ದು, “ಇರಲಿ ಬಿಡು, ದುಡ್ಯಾಕ ಹೋಗ್ಬೇಕು ನಾಳೆ” ಎಂದು ನಡೆದಳು.

ಆ ರಾತ್ರಿ ಭೀಮೇಶ ಊಟಕ್ಕೆ ಕೂತು ಎದ್ದ, ಎದ್ದು ಕೂತ. ಮಹಾಲಕ್ಷ್ಮಿ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಕೇಳಿದಳು, “ಏನಾತು?”

ಹೇಳಿದ.

“ಮನಿಯಾಗ ಕುಂತು ಕಂಬಾ ಸುತ್ತಿದ್ರ ಹೆಸರ ಬರತೈತೇನ್ರಿ?” ಎಂದಳು. “ಮೈಕ ಯಾರದು? ಅವರನ್ನ ಹೋಗಿ ಕೇಳ್ರಿ.”

ಮೈಕು ನವಲಗುಂದದ ಇಮಾಮುದ್ದೀನನದು. ಬೆಳಗಾಗುತ್ತಲೇ ಭೀಮೇಶ ಬೈಕು ಹತ್ತಿದ. ಇಮಾಮುದ್ದೀನ ಅಂಗಳದಲ್ಲಿ ಸ್ಪೀಕರಿನ ಪೆಟ್ಟಿಗೆಗಳನ್ನು ಬಿಸಿಲಿಗೆ ಹಾಕಿ ಹಲ್ಲುಜ್ಜುತ್ತಿದ್ದ.

“ಕಾಕಾ, ಮೊರಬದ ನಾಟಕದ ದನಿ ಏನರ ಉಳಿದೈತೇನ್ರಿ?”

ಇಮಾಮುದ್ದೀನ ಬಾಯಿ ಮುಕ್ಕಳಿಸಿ ಉಗುಳಿದ. “ಉಳೀದ ಏನಪಾ. ಆಯೇರದ ಮೈಕ ನಾ ಬ್ಯಾರೇನ ರೆಕಾರ್ಡ್ ಇಟ್ಟಿರತೀನಿ. ನನ್ನ ಹೆಸರ ಕೂಗಲಿಲ್ಲ, ಖಣಾ ಕೊಟ್ರ ಕುಬಸ ಅಂದ್ರು ಅಂತ ಜಗಳ ಬರತಾವು ನೋಡು, ಎಲ್ಲಾ ನನ್ನ ತಲಿಗೆ. ಹಚ್ಚಿ ಕೇಳಸ್ತೀನಿ, ಬಾಯಿ ಮುಚ್ಚಕೊಂಡ ಹೋಗತಾರು. ಮುಂದಿನ ನಾಟಕ ಬರೂತನಕ ಅಳಸಂಗಿಲ್ಲ.”

“ಹಿಂದ ಹಾಡ ಐತೇನು?”

“ಹಾಡ ಬ್ಯಾರೆ ತಂತ್ಯಾಗ ಹೋಗತೈತಿ. ಇದರಾಗ ಬರೇ ಹನಮಂತಪ್ಪನ ಗಂಟಲ.”

ಪೆನ್‌ಡ್ರೈವ್ ಕಿಸೆಯಲ್ಲಿಟ್ಟುಕೊಂಡು, ದಾರಿಯುದ್ದಕ್ಕೂ ಕಿಸೆ ಮುಟ್ಟಿ ನೋಡಿಕೊಳ್ಳುತ್ತ ಭೀಮೇಶ ಊರಿಗೆ ಬಂದ. ದನಿ ಸಿಕ್ಕಿತು. ಚಿತ್ರಕ್ಕೆ ಪ್ರಭುವಿನ ಮೂಕ ವಿಡಿಯೋವೇ ಗತಿ. ಕೇಳಿದ ಕೂಡಲೇ ಪ್ರಭು ಕೊಟ್ಟ. ಕೊಟ್ಟು, ಕೌಂಟರಿನ ಮೇಲೆ ಬಾಗಿ ಹೇಳಿದ:

“ಕೂಡಿಸಿದ ಮ್ಯಾಲೆ ನನಗೂ ಒಂದ ಕಾಪಿ ಕೊಡು ಅಣ್ಣಾ. ಹಾಡ ಇಲ್ಲಂದ್ರ ದನಿ ಮುಚ್ಚಂಗಿಲ್ಲ. ಮತ್ತ ಬಿಡತೀನಿ. ಊರ ಮಂದಿ ನನ್ನ ತಿನ್ನಾಕ ಹತ್ಯಾರ.”

ಭೀಮೇಶ ಪೆನ್‌ಡ್ರೈವ್ ಕಿಸೆಗೆ ಹಾಕಿಕೊಂಡು ಹೊರಗೆ ಬಂದ.

ಕೂಡಿಸುವ ಕೆಲಸ ಸುಲಭದ್ದಾಗಿರಲಿಲ್ಲ. ಹನಮಂತಪ್ಪನ ಬಾಯಿ ತೆರೆಯುವುದಕ್ಕೂ ಹೆಸರು ಬರುವುದಕ್ಕೂ ಹೊಂದಿಸಬೇಕು. ಒಂದು ಕಡೆ ಹೊಂದಿದರೆ ಇನ್ನೊಂದು ಕಡೆ ಜಾರುವುದು. ಶಂಕ್ರಪ್ಪ ರುಮಾಲು ಸುತ್ತುವಾಗ ಬೇರೆಯವರ ಖಣದ ಕೂಗು ಬಂದು, ಭೀಮೇಶ ಒಬ್ಬನೇ ನಕ್ಕ. ತನ್ನ ಸ್ವಚ್ಛ ಚಿತ್ರದ ನಡುವೆ ಆ ಅಲುಗುವ ಮಬ್ಬು ತುಂಡುಗಳನ್ನು ಒಂದೊಂದಾಗಿ ಹೊಲಿದ. ಕೊನೆಗೆ ರೇವವ್ವ ಬಗಲಲ್ಲಿ ಕೌದಿ ಹಿಡಿದು ರಂಗ ಹತ್ತಿದಳು, ಹನಮಂತಪ್ಪ ಕೂಗಿದ, ಶಮಾ ಹೊದ್ದಳು. ಕೌದಿ ಎಲ್ಲಿಂದ ಬಂತು ಎಂಬುದು ಈಗ ಗೊತ್ತಾಗುವಂತಾಯಿತು.

ಸುದ್ದಿ ಹರಡಲು ಹೊತ್ತು ಹಿಡಿಯಲಿಲ್ಲ. ಶಂಕ್ರಪ್ಪನವರೇ ಅಂಗಡಿಗೆ ಬಂದರು. “ಹೆಸರ ಬಂದಾವಂತಲ್ಲೋ. ಎರಡ ಸೀಡಿ ತಗದಿಡು, ಪ್ಲೇಯರ ತುಗೊಂಡು ಮನಿಗೆ ಬಾ” ಎಂದರು. ಹನಮಂತಪ್ಪನಿಗೆ ಒಂದು ಬೇಕಂತೆ, ಹೀರೋ ಆದವನಿಗೆ ಒಂದು. ಹಾಲಿನ ಡೇರಿಯ ಮುಂದೆ ಯಾರೂ ಕೌದಿಯ ಮಾತು ಎತ್ತಲಿಲ್ಲ. ಈಗ ಸುಮ್ಮನೆ ಕೂತರೆ ಸಾಕು, ಎಳ್ಳಮಾಸಿ ಬಂದರೂ ಕೀಲಿ ಅವನ ಕಿಸೆಯಲ್ಲೇ ಇರುತ್ತಿತ್ತು. ಅದು ಅವನಿಗೆ ಗೊತ್ತಿತ್ತು. ಪ್ರಭುವಿಗೆ ಕಾಪಿ ಕೊಟ್ಟರೆ ಆಗುವುದೂ ಗೊತ್ತಿತ್ತು. ಫೋನಿನಲ್ಲಿ ಪುಕ್ಕಟೆ ಬಂದ ಮೇಲೆ ಸೀಡಿಗೆ ಯಾರು ಬರುತ್ತಾರೆ.

ಎರಡು ದಿನ ಅವನು ಪ್ರಭುವಿನ ಕಣ್ಣು ತಪ್ಪಿಸಿ ಓಡಾಡಿದ. ಅಂಗಡಿಯ ಹಿಂದಿನಿಂದ ಬರುವನು, ಹಿಂದಿನಿಂದಲೇ ಹೋಗುವನು. ಫೋನು ಬಂದರೆ ಬೆಚ್ಚುವನು. ಡೇರಿಯ ಮಲ್ಲಮ್ಮ ದಾರಿಯಲ್ಲಿ ನಿಲ್ಲಿಸಿ ಕೇಳಿದಳು: “ತಮ್ಮಾ, ನಾ ಖಣಾ ಕೊಟ್ಟದ್ದು ಐತಂತ. ನಮ್ಮನ್ಯಾಗ ಟಿವಿ ಕೆಟ್ಟೈತಿ. ಮಗಳ ಫೋನಿಗೆ ಬರೂದಿಲ್ಲೇನು?” ಭೀಮೇಶ ಏನೋ ಗೊಣಗಿ ಮುಂದೆ ಹೋದ.

ಮನೆಯಲ್ಲಿ ಮಹಾಲಕ್ಷ್ಮಿಗೆ ಹೇಳಿದ. ಆಕೆ ಸಂತೆಯ ಚೀಲ ಸುರುವಿ ಬದನೆಕಾಯಿ ಆರಿಸುತ್ತಿದ್ದಳು.

“ಕೊಡಬ್ಯಾಡ್ರಿ ಹಂಗಾರ. ಅಂಗಡಿ ಉಳೀತೈತಿ.”

“ಆದ್ರ ಆ ಹೆಸರ ಊರ ಮಂದೀವು, ನನ್ನವಲ್ಲ.”

“ಹೌದಲ್ಲ.”

“ಅವರ ಹೆಸರ ತಂದು ನನ್ನ ಅಂಗಡ್ಯಾಗ ಕಟ್ಟಿ ಹಾಕಿದಂಗ ಆತಲ್ಲ?”

ಮಹಾಲಕ್ಷ್ಮಿ ಹುಳುಕು ಬದನೆಕಾಯಿಯೊಂದನ್ನು ಎಮ್ಮೆಯ ಕಡೆಗೆ ಒಗೆದಳು. “ರೇವವ್ವ ಕೌದಿ ಕೊಟ್ಟು ಆಮ್ಯಾಲೆ ಬಾಡಿಗಿ ಕೇಳ್ಯಾಳೇನ್ರಿ ಆ ಹುಡುಗಿಗೆ?” ಎಂದಳು. ಅಷ್ಟೇ ಎಂದದ್ದು. ಆ ಮಾತು ಅವನ ಬೆನ್ನು ಹತ್ತಿತು. ಮರುದಿನ ಪ್ರಭುವಿನ ಅಂಗಡಿಗೆ ಹೋಗಿ ಪೆನ್‌ಡ್ರೈವನ್ನು ಕೌಂಟರಿನ ಮೇಲೆ ಇಟ್ಟ.

“ತುಗೋ.”

ಪ್ರಭು ಅವನ ಮುಖ ನೋಡಿದ. “ಅಣ್ಣಾ, ಇದ ಬಿಟ್ರ ನಿನ್ನ ಸೀಡಿ…”

“ಬಿಡು ಅಂದೆ ಬಿಡು. ಮಲ್ಲಮ್ಮನ ಮಗಳಿಗೆ ಮೊದಲ ಕಳಸು.”

ಆದದ್ದು ಅವನು ಅಂದುಕೊಂಡಂತೆಯೇ ಆಯಿತು. ಊರ ತುಂಬ ಹನಮಂತಪ್ಪನ ಗಂಟಲು ಮತ್ತೆ ಮೊಳಗಿತು, ಎಲ್ಲರ ಕಿಸೆ ಕಿಸೆಯಲ್ಲಿ. ಶಂಕ್ರಪ್ಪ ಹೇಳಿದ ಎರಡು ಸೀಡಿಯಲ್ಲಿ ಒಂದನ್ನೇ ಒಯ್ದರು, ಅದೂ ಆಡಿದ ಮಾತಿಗೆಂದು ಒಯ್ದದ್ದು. ಹೀರೋ ಬರಲೇ ಇಲ್ಲ. ಹನಮಂತಪ್ಪ, “ಫೋನಿನ್ಯಾಗ ಚಲೋ ಬರತೈತಿ ಬಿಡೋ” ಎಂದ.

ರೇವವ್ವ ಮಾತ್ರ ಬಂದಳು.

“ಫೋನಿನ್ಯಾಗ ಬಂದೈತಲ್ಲ ಆಯಿ. ನಿಮ್ಮಣ್ಣನ ಮೊಮ್ಮಗಗ ಕಳಸಿದ್ರ ಆತು.”

“ಗಾಳ್ಯಾಗಿಂದ ಬ್ಯಾಡೋ. ನಿನ್ನಿ ದನಿ ಹೋಗಿತ್ತು, ನಾಳೆ ನಾನ ಹೋಗಿರತೀನಿ ಅದರಾಗಿಂದ. ಕೈಯಾಗ ಹಿಡದ ಕೊಡಾಕ ಬರಬೇಕು, ಹಂಗ ಕೊಡು. ತವರಮನಿಗೆ ಬರೇ ಕೈಲೆ ಹೋಗತಾರೇನು?”

“ನಿಮ್ಮಣ್ಣನ ಮನ್ಯಾಗ ಇದು ಓಡಂಗಿಲ್ಲ. ಬ್ಯಾರೆ ಪ್ಲೇಯರ ಬೇಕು.”

“ನಿನ್ನ ಕಡೆ ಐತೆಲ್ಲ?” ಎಂದಳು ರೇವವ್ವ, ಇದರಲ್ಲಿ ಕೇಳುವುದೇನಿದೆ ಎಂಬಂತೆ.

ಹೀಗಾಗಿ ಒಂದು ಸೋಮವಾರ ಭೀಮೇಶ ಟಾವೆಲ್ಲಿನಲ್ಲಿ ಸುತ್ತಿದ ಪ್ಲೇಯರನ್ನು ಬೈಕಿನ ಟ್ಯಾಂಕಿನ ಮೇಲೆ ಇಟ್ಟುಕೊಂಡು, ರೇವವ್ವನನ್ನು ಹಿಂದೆ ಕೂರಿಸಿಕೊಂಡು, ನವಲಗುಂದ ದಾಟಿ ಯಮನೂರಿಗೆ ಹೋದ. ರಸ್ತೆಯ ಗುಂಡಿ ಬಂದಾಗಲೆಲ್ಲ ಮೈ ಮೇಲೆತ್ತಿದ. ಹಿಂದಿನಿಂದ ರೇವವ್ವ, “ನೆಟ್ಟಗ ಕುಂದರೋ, ನಾ ಬೀಳತೀನಿ” ಎಂದಳು.

ಆಕೆಯ ಅಣ್ಣ ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತಿದ್ದ ಮುದುಕ. ತಂಗಿಯನ್ನು ನೋಡಿ, “ಏನ ಬೇ, ಮೈಕಿನಾಕಿ ಬಂದ್ಲೇನು?” ಎಂದ. ಆಮೇಲೆ ಹಿಂದೆ ನಿಂತ ಭೀಮೇಶನ ಕಡೆ ತಿರುಗಿ, “ನೀ ಯಾಕ ಹೊರಗ ನಿಂತಿ ತಮ್ಮಾ, ಒಳಗ ಬಾ” ಎಂದ.

ಪಡಸಾಲೆಯಲ್ಲಿ ಮನೆ ಮಂದಿಯೆಲ್ಲ ಕೂತರು. ಚಿತ್ರ ಶುರುವಾದಾಗ, “ಅಬಾಬಾ, ಎಷ್ಟ ಸ್ವಚ್ಛ ಐತಿ” ಎಂದರು. ರೇವವ್ವ ಬರುವ ಜಾಗ ಬಂದಾಗ ಚಿತ್ರ ಮಬ್ಬಾಗಿ ಅಲುಗಿತು.

“ಇದ ಯಾಕೋ ಮಸಕ ಮಸಕ?” ಎಂದ ಅಣ್ಣ.

“ಮಸಕ ಇದ್ರ ಇರಲಿ, ಕೇಳು” ಎಂದಳು ರೇವವ್ವ.

ಮೊರಬದ ರೇವವ್ವ, ತವರಮನಿ ಯಮನೂರು, ಎಂದು ಹನಮಂತಪ್ಪ ಕೂಗಿದ. ಮುದುಕ ಹಗ್ಗ ಕೆಳಗಿಟ್ಟ. “ಇನ್ನೊಮ್ಮೆ ಹಚ್ಚು” ಎಂದ. ಭೀಮೇಶ ಹಚ್ಚಿದ. “ಊರ ಹೆಸರ ಹೇಳ್ಯಾನ ಬಿಡು ಮಗ” ಎಂದು, ಮತ್ತೆ ಹಚ್ಚಲು ಹೇಳಿದ. ಮೂರನೆಯ ಸಲ ತಂಗಿಯ ಕಡೆ ನೋಡದೆ, ಒಳಗಿದ್ದ ಹೆಂಡತಿಗೆ, “ಚಾ ಇಡು, ಚುರಮುರಿನೂ ಹಚ್ಚು” ಎಂದ.

ಹೊರಡುವಾಗ ಅತ್ತಿಗೆ ರೇವವ್ವನ ಉಡಿಗೆ ಅಕ್ಕಿ, ಕೊಬ್ಬರಿ, ಒಂದು ಖಣ ಹಾಕಿದಳು. ಸೀಡಿ ಅಣ್ಣನ ಮನೆಯ ದೇವರ ಜಗಲಿಯ ಬಾಜು ಗೂಡಿನಲ್ಲಿ ಉಳಿಯಿತು. ಅದನ್ನು ಓಡಿಸುವ ಪ್ಲೇಯರು ಭೀಮೇಶನ ಜೊತೆಗೇ ತಿರುಗಿ ಬಂತು. ಯಾರೂ ಅದರ ಮಾತು ಎತ್ತಲಿಲ್ಲ.

ಎಳ್ಳಮಾಸಿಯ ಮುಂಜಾನೆ ತಮ್ಮ ತುಂಡು ಹೊಲದಲ್ಲಿ ಭೂಮಿತಾಯಿಗೆ ಚರಗ ಚೆಲ್ಲಿ ಬಂದು, ಭೀಮೇಶ ಕೀಲಿಯನ್ನು ಪ್ರಭುವಿನ ಕೈಯಲ್ಲಿ ಇಟ್ಟ. ಪ್ರಭು ಬೋರ್ಡು ತೆಗೆಯಲು ಬಿಡಲಿಲ್ಲ, “ಇರಲಿ ಅಣ್ಣಾ, ಅತ್ತಿಗಿ ಹೆಸರೈತಿ” ಎಂದ. ಬರೆಯುವ ಯಂತ್ರ ಮನೆಗೆ ಬಂತು, ಜೋಳದ ಚೀಲದ ಬಾಜು ಕೂತಿತು. ಆಯೇರವಿಲ್ಲದ ಹಳೆಯ ಸ್ವಚ್ಛ ಸೀಡಿಗಳ ಚೀಲ ಅಂಗಳದಲ್ಲಿ ಎರಡು ದಿನ ಬಿದ್ದಿತ್ತು. ಭೀಮೇಶ ಅದನ್ನು ದಾಟಿ ಹೊರಗೆ ಹೋಗುವನು, ದಾಟಿ ಒಳಗೆ ಬರುವನು.

ಮೂರನೆಯ ದಿನ ಮಹಾಲಕ್ಷ್ಮಿ ಚೀಲವನ್ನು ತಲೆಯ ಮೇಲೆ ಹೊತ್ತು ಹೊಲದ ದಾರಿ ಹಿಡಿದಳು. ಜೋಳ ಹಾಲುಗಾಳು ಕಟ್ಟಿತ್ತು. ಗುಬ್ಬಿಗಳ ಹಿಂಡು ತೆನೆಯ ಮೇಲೆ ಇಳಿಯುತ್ತಿತ್ತು, ಏಳುತ್ತಿತ್ತು. ಆಕೆ ಬದುವಿನ ಮೇಲೆ ಕೂತು ಒಂದೊಂದು ಸೀಡಿಯ ತೂತಿಗೆ ಸುತಳಿ ಪೋಣಿಸತೊಡಗಿದಳು.

“ಸುಮ್ಮ ನಿಂತೀರೇನು? ಆ ಮೂಲ್ಯಾಗ ಗೂಟಾ ಹೊಡೀರಿ.”

ಭೀಮೇಶ ಗೂಟ ಹೊಡೆದ. ಸುತಳಿ ಕಟ್ಟಿದ. ಸೀಡಿ ಗಾಳಿಗೆ ತಿರುಗಿ ಬಿಸಿಲು ಒಗೆಯಿತು. ಗುಬ್ಬಿಗಳು ಎದ್ದು ಬಾಜು ಹೊಲಕ್ಕೆ ಹೋದವು.

“ಅದ ಸಡ್ಲ ಆತು. ಬಿಗಿ ಮಾಡ್ರಿ.”

ಬಿಚ್ಚಿ ಮತ್ತೆ ಕಟ್ಟಿದ. ಸಾಲಿನ ಆ ತುದಿಗೆ ಹೋಗಿ ನೋಡಿದ, ಈ ತುದಿಗೆ ಬಂದು ನೋಡಿದ. ಮಹಾಲಕ್ಷ್ಮಿ ಇನ್ನೊಂದು ಸೀಡಿ ಪೋಣಿಸಿ ಕೈ ಮುಂದೆ ಮಾಡಿದಳು. ಅವನು ಬಂದು ತೆಗೆದುಕೊಂಡು, ಸುತಳಿಯ ತುದಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದು, ಮುಂದಿನ ಗೂಟಕ್ಕೆ ಗಂಟು ಹಾಕತೊಡಗಿದ.